ತಪಾಸಣೆ ಆಯಿತು, ಚಿಕಿತ್ಸೆ ಯಾವಾಗ? ಆರೋಗ್ಯ ಮತ್ತು ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ತಾಂಡಾ ಮತ್ತು ಕೇರಿಗಳ ಸರ್ಕಾರಿ ಶಾಲೆಯ ಮಕ್ಕಳಿಗೆ ಶಾಲೆಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡುವ ಕುರಿತು.

ಮಾನ್ಯರೇ,

ನಾನು ಕಲ್ಯಾಣ ಕರ್ನಾಟಕದ ಒಂದು ತಾಂಡಾದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಈಗಲೂ ಆ ಭಾಗದಲ್ಲೇ ಇದ್ದೇನೆ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಕರೆದಾಗಲೆಲ್ಲ ಶಾಲೆಗೆ ಹೋಗುತ್ತೇನೆ. ಒಂದೇ ಪತ್ರವನ್ನು ಇಬ್ಬರು ಸಚಿವರಿಗೆ ಬರೆಯುವುದಕ್ಕೆ ಕಾರಣವಿದೆ. ಹುಡುಗನ ಕಿವಿ ಸೋರಿದರೆ ಅದು ಆರೋಗ್ಯ ಇಲಾಖೆಯ ಕಡತ. ಕಿವಿ ಕೇಳಿಸದೆ ಅವನು ಪಾಠದಲ್ಲಿ ಹಿಂದೆ ಬಿದ್ದರೆ ಶಿಕ್ಷಣ ಇಲಾಖೆಯ ಕಡತ. ಎರಡೂ ಕಡತಗಳಲ್ಲಿರುವ ಹುಡುಗ ಒಬ್ಬನೇ. ಆದ್ದರಿಂದ ನೀವಿಬ್ಬರೂ ಒಂದೇ ಮೇಜಿನ ಮುಂದೆ ಕೂತು ಇದನ್ನು ಓದಬೇಕೆಂದು ಮೊದಲೇ ಕೋರುತ್ತೇನೆ.

ಯೋಜನೆಗಳಿಲ್ಲ ಎಂಬುದು ನನ್ನ ದೂರಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ನಾವು ಶಾಲೆಯವರು ಆರ್‌ಬಿಎಸ್‌ಕೆ ಎನ್ನುವುದು, ಹುಟ್ಟಿದ ಮಗುವಿನಿಂದ ಹಿಡಿದು 18 ವರ್ಷದವರೆಗಿನವರ ಆರೋಗ್ಯದ 30 ಬಗೆಯ ತೊಂದರೆಗಳನ್ನು ಗುರುತಿಸಿ ಉಚಿತವಾಗಿ ಚಿಕಿತ್ಸೆ ಕೊಡಿಸುವ ಕಾರ್ಯಕ್ರಮ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹೃದಯದ ರಂಧ್ರ, ಸೀಳುತುಟಿ, ವಕ್ರಪಾದ ಇಂಥ ದೊಡ್ಡ ತೊಂದರೆಗಳಿಗೆ ಇದರಿಂದ ಎಷ್ಟೋ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಆಗಿದೆ. ನಮ್ಮ ತಾಂಡಾದ ಹುಡುಗಿಯೊಬ್ಬಳು ಇವತ್ತು ಕೊಕ್ಕೊ ಆಡುತ್ತಿದ್ದಾಳೆ ಎಂದರೆ ಅದು ಈ ಕಾರ್ಯಕ್ರಮದ ಪುಣ್ಯ. ಆ ಋಣವನ್ನು ಮರೆತು ಬರೆಯುತ್ತಿಲ್ಲ.

ನನ್ನ ದೂರು ಇರುವುದು ತಪಾಸಣೆ ಮುಗಿದ ಮರುದಿನದಿಂದ ಏನೂ ನಡೆಯುವುದಿಲ್ಲ ಎಂಬುದರ ಬಗ್ಗೆ.

ತಂಡ ಬರುವ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಪ್ರಾರ್ಥನೆ ಮುಗಿದು ಎರಡನೇ ಪಿರಿಯಡ್ ಹೊತ್ತಿಗೆ ವಾಹನ ಬರುತ್ತದೆ. ವರಾಂಡದಲ್ಲಿ ಎರಡು ಟೇಬಲ್ಲು, ಗೋಡೆಗೆ ಕಣ್ಣಿನ ಚಾರ್ಟು, ಒಂದು ತೂಕದ ಯಂತ್ರ. ಒಂದನೇ ತರಗತಿಯಿಂದ ಏಳನೇ ತರಗತಿಯವರೆಗೆ ಸಾಲು. ಕಣ್ಣರೆಪ್ಪೆ ಕೆಳಗೆಳೆದು ಬಿಳಿಚಿದೆಯೇ ಎಂದು ನೋಡುತ್ತಾರೆ, ಬಾಯಿ ತೆರೆಸುತ್ತಾರೆ, ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ, ಕಾರ್ಡು ತುಂಬುತ್ತಾರೆ. ಬಿಸಿಯೂಟದ ಗಂಟೆಯೊಳಗೆ ಎಲ್ಲ ಮಕ್ಕಳೂ ಮುಗಿಯಬೇಕು, ಯಾಕೆಂದರೆ ಮಧ್ಯಾಹ್ನ ಇನ್ನೊಂದು ಶಾಲೆ ಇರುತ್ತದೆ. ವೈದ್ಯರು ಒಳ್ಳೆಯವರು, ಮಕ್ಕಳ ಜೊತೆ ಪ್ರೀತಿಯಿಂದ ಮಾತಾಡುತ್ತಾರೆ. ಅವರ ಮೇಲೆ ನನ್ನ ಆಕ್ಷೇಪಣೆ ಎಳ್ಳಷ್ಟೂ ಇಲ್ಲ. ತೊಂದರೆ ಕಂಡ ಮಕ್ಕಳಿಗೆ ರೆಫರಲ್ ಚೀಟಿ ಬರೆದು ಮುಖ್ಯ ಶಿಕ್ಷಕಿಯ ಕೈಗೆ ಕೊಡುತ್ತಾರೆ. ಅಲ್ಲಿಗೆ ಸರ್ಕಾರದ ಲೆಕ್ಕದಲ್ಲಿ ಆ ಮಗು ‘ಗುರುತಿಸಲ್ಪಟ್ಟಿತು’. ಆ ಚೀಟಿ ಆಸ್ಪತ್ರೆ ಮುಟ್ಟಿತೇ, ಮಗುವಿಗೆ ಗುಣವಾಯಿತೇ ಎಂದು ಕೇಳಲು ಮರಳಿ ಬಂದವರನ್ನು ನನ್ನ ಸೇವೆಯಲ್ಲಿ ನಾನು ನೋಡಲಿಲ್ಲ.

ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬೋರ್ಡಿನ ಮೇಲೆ ಬರೆದದ್ದನ್ನು ಅವಳು ಬರೆದುಕೊಳ್ಳುತ್ತಿರಲಿಲ್ಲ, ಪಕ್ಕದವಳ ನೋಟ್‌ಬುಕ್ ನೋಡಿಯೇ ಬರೆಯುತ್ತಿದ್ದಳು. ಪಕ್ಕದವಳು ತಪ್ಪು ಬರೆದರೆ ಇವಳೂ ಅದೇ ತಪ್ಪು. ಚಾರ್ಟಿನಲ್ಲಿ ಮೇಲಿನ ಎರಡು ಸಾಲು ಬಿಟ್ಟರೆ ಅವಳಿಗೆ ಏನೂ ಕಾಣಲಿಲ್ಲ. ಚೀಟಿ ಸಿಕ್ಕಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ನೋಡುವವರು ವಾರದಲ್ಲಿ ಕೆಲವು ದಿನ ಮಾತ್ರ ಇರುತ್ತಾರೆ. ತಾಯಿ ಹೋದ ದಿನ ಅವರಿರಲಿಲ್ಲ. ಎರಡನೇ ಸಲ ಹೋಗಿ ಎಂದು ನಾನು ಹೇಳಿದಾಗ ಅವಳೆಂದಳು: “ಟೀಚರ್ರೀ, ದವಾಖಾನಿಗಿ ಹೋದ್ರ ಅವತ್ತಿನ ಕೂಲಿ ಹೋಗ್ತದ್ರಿ. ಇನ್ನೊಂದ್ ದಿನ ಕೂಲಿ ಬಿಟ್ರ ಮನ್ಯಾಗ ಏನ್ ಮಾಡೂದ್ರಿ?” ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸಿನ ಟಿಕೆಟ್ ಇಲ್ಲ, ನಿಜ. ಬಸ್ಸೇ ತಾಂಡಾಕ್ಕೆ ಬರುವುದಿಲ್ಲ. ಮುಖ್ಯ ರಸ್ತೆಯವರೆಗೆ ಟಂಟಂ ಹಿಡಿಯಬೇಕು, ಅದಕ್ಕೆ ದುಡ್ಡು ಬೇಕು. ಅಷ್ಟರಲ್ಲಿ ದೀಪಾವಳಿ ಮುಗಿಯಿತು, ಆ ಕುಟುಂಬ ಬೆಂಗಳೂರಿಗೆ ಗುಳೆ ಹೋಯಿತು. ಹುಡುಗಿಯೂ ತಮ್ಮನನ್ನು ನೋಡಿಕೊಳ್ಳಲು ಜೊತೆಗೆ ಹೋದಳು. ಯುಗಾದಿಗೆ ಮರಳಿ ಬಂದಾಗ ಕನ್ನಡಕವೂ ಇಲ್ಲ, ಕಲಿಕೆಯೂ ಇಲ್ಲ. ಮುಂದಿನ ವರ್ಷ ತಂಡ ಬಂತು, ಅವಳಿಗೆ ಹೊಸ ಚೀಟಿ ಸಿಕ್ಕಿತು.

ಗುಳೆ ಎಂಬುದು ನಮ್ಮ ಭಾಗದಲ್ಲಿ ಮಳೆ, ಚಳಿಗಾಲಗಳಷ್ಟೇ ಖಚಿತ. ಮುಂಗಾರಿನ ಕೆಲಸ ಮುಗಿಯುತ್ತಿದ್ದಂತೆ ಬೆಂಗಳೂರು, ಪುಣೆ, ಮುಂಬೈ, ಗೋವಾಗಳ ಕಟ್ಟಡ ಕೆಲಸಕ್ಕೆ ಜನ ಹೊರಡುತ್ತಾರೆ. ಊರಲ್ಲೇ ಉಳಿದವರ ಮಕ್ಕಳೂ ಹತ್ತಿ ಬಿಡಿಸುವ ದಿನಗಳಲ್ಲಿ ಟಂಟಂ ಹತ್ತಿ ಹೊಲಕ್ಕೆ ಹೋಗುತ್ತಾರೆ. ಆದರೆ ತಪಾಸಣೆಯ ವೇಳಾಪಟ್ಟಿ ಮಾಡುವವರ ಮೇಜಿನ ಮೇಲೆ ಈ ಕ್ಯಾಲೆಂಡರ್ ಇರುವುದಿಲ್ಲ. ಡಿಸೆಂಬರಿನಲ್ಲೋ ಜನವರಿಯಲ್ಲೋ ತಂಡ ಬಂದರೆ ಹಾಜರಿರುವವರು ಯಾರು? ಮನೆಯಲ್ಲಿ ಎರಡು ಎಕರೆ ನೀರಾವರಿ ಇದ್ದವರ ಮಕ್ಕಳು, ಅಜ್ಜಿಯ ಹತ್ತಿರ ಬಿಟ್ಟುಹೋದ ಕೆಲವು ಮಕ್ಕಳು. ಯಾರನ್ನು ಮೊದಲು ನೋಡಬೇಕಿತ್ತೋ ಅವರು ಯಾವುದೋ ಅಪಾರ್ಟ್‌ಮೆಂಟ್ ಕೆಳಗಿನ ತಗಡಿನ ಶೆಡ್ಡಿನಲ್ಲಿರುತ್ತಾರೆ. ವರದಿಯಲ್ಲಿ ಮಾತ್ರ ‘ಹಾಜರಿದ್ದ ಮಕ್ಕಳಲ್ಲಿ ಶೇ. 100 ತಪಾಸಣೆ’ ಎಂದಿರುತ್ತದೆ.

ವರ್ಷಕ್ಕೊಂದು ದಿನದ ಭೇಟಿಯಿಂದ ಹಿಡಿಯಲಾಗದ ರೋಗಗಳೂ ಇವೆ. ಆರ್‌ಬಿಎಸ್‌ಕೆ ಪಟ್ಟಿಯಲ್ಲಿಯೇ ಇರುವ ರುಮ್ಯಾಟಿಕ್ ಹೃದ್ರೋಗವನ್ನು ನೋಡಿ. ಅದು ಶುರುವಾಗುವುದು ಒಂದು ಬಗೆಯ ಗಂಟಲು ನೋವಿನಿಂದ, ಅದೂ 5ರಿಂದ 15 ವರ್ಷದ ವಯಸ್ಸಿನಲ್ಲಿ, ಇಕ್ಕಟ್ಟಿನ ಮನೆಗಳಲ್ಲಿ ಹೆಚ್ಚಾಗಿ. ಗಂಟಲಿಗೆ ಆಗಲೇ ಸರಿಯಾದ ಔಷಧಿ ಸಿಕ್ಕರೆ ಹೃದಯದ ಕವಾಟ ಉಳಿಯುತ್ತದೆ. ಸಿಗದೆ ಸಂಧಿವಾತದ ಜ್ವರ ಬಂದರೆ ವರ್ಷಗಟ್ಟಲೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಅದೂ ತಪ್ಪಿದರೆ ಕವಾಟದ ಆಪರೇಷನ್ನು. ಆಗಸ್ಟಿನಲ್ಲಿ ಗಂಟಲು ನೋವು ಬಂದ ಮಗುವಿಗೆ ಫೆಬ್ರವರಿಯಲ್ಲಿ ಬರುವ ವಾಹನದಿಂದ ಏನು ಉಪಯೋಗ? ಆ ವಾರ ಶಾಲೆಯಲ್ಲಿ ಒಬ್ಬ ನರ್ಸ್ ಇದ್ದಿದ್ದರೆ ಸಾಕಿತ್ತು.

ಕಿವಿ ಸೋರುವುದಂತೂ ತಾಂಡಾದಲ್ಲಿ ರೋಗವೆಂದೇ ಲೆಕ್ಕಕ್ಕೆ ಬರುವುದಿಲ್ಲ. ಹತ್ತಿ ಇಟ್ಟುಕೊಂಡು, ಕಿವಿಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಬರುತ್ತಾರೆ. ವಾಸನೆಗೆ ಪಕ್ಕದ ಹುಡುಗರು ಸರಿದು ಕೂರುತ್ತಾರೆ, ಆ ಹುಡುಗ ತಾನಾಗಿಯೇ ಗೋಡೆಯ ಮೂಲೆಗೆ ಹೋಗುತ್ತಾನೆ. ಮೂಲೆಗೆ ಹೋದಷ್ಟು ಕೇಳಿಸುವುದು ಕಡಿಮೆ, ಉತ್ತರ ಹೇಳದಿದ್ದಷ್ಟು ‘ದಡ್ಡ’ ಎಂಬ ಹೆಸರು ಗಟ್ಟಿ. ಬಹಳ ದಿನ ಸೋರಿದ ಕಿವಿಯ ತಮಟೆಯಲ್ಲಿ ರಂಧ್ರ ಉಳಿದು ಶ್ರವಣ ಹೋಗುತ್ತದೆ ಎಂದು ಅವನ ತಾಯಿಗೆ ಹೇಳಿದವರಿಲ್ಲ. ಮೊದಲ ಹಂತದಲ್ಲಿ ಬೇಕಾದದ್ದು ಕಿವಿ ಒರೆಸಿ ಒಣಗಿಸುವುದು, ಹನಿ ಔಷಧಿ, ಹಳ್ಳದಲ್ಲಿ ಮುಳುಗಿ ಈಜಬೇಡ ಎಂಬ ಎಚ್ಚರಿಕೆ, ವಾರಕ್ಕೊಮ್ಮೆ ಮತ್ತೆ ನೋಡುವವರು. ಕೊನೆಯದೊಂದೇ ನಮ್ಮಲ್ಲಿ ಇಲ್ಲದ್ದು.

ಕಜ್ಜಿಯದೂ ಇದೇ ಕಥೆ. ಬೆರಳ ಸಂದಿಯಲ್ಲಿ ಗುಳ್ಳೆ ಕಂಡ ಮಗುವಿಗೆ ಒಂದು ಮುಲಾಮಿನ ಟ್ಯೂಬು ಕೊಟ್ಟು ಕಳಿಸುತ್ತಾರೆ. ಮನೆಯಲ್ಲಿ ಆರು ಜನ ಒಂದೇ ಕೌದಿಯ ಕೆಳಗೆ ಮಲಗುತ್ತಾರೆ. ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿಕೊಂಡು, ಮರುದಿನ ಬಟ್ಟೆ ಹಾಸಿಗೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕದಿದ್ದರೆ ಎರಡು ವಾರದಲ್ಲಿ ಅದು ಮತ್ತೆ ಹಾಜರು. ಒಬ್ಬರಿಗೆ ಕೊಟ್ಟ ಔಷಧಿ ದಂಡ. ರಾತ್ರಿಯಿಡೀ ತುರಿಸಿಕೊಂಡು ನಿದ್ದೆಗೆಟ್ಟ ಮಗು ಬೆಳಿಗ್ಗೆ ಗಣಿತದ ಪಾಠದಲ್ಲಿ ತೂಕಡಿಸುತ್ತದೆ, ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆಯಾದ ‘ನಲಿಕಲಿ’ಯ ಮಟ್ಟ ತಲುಪಿಲ್ಲ ಎಂದು ಶಿಕ್ಷಕಿಯಿಂದ ವಿವರಣೆ ಕೇಳಲಾಗುತ್ತದೆ.

ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೂ ಹಿಂದಿನ ಸಮೀಕ್ಷೆಗಿಂತ ಅದು ಹೆಚ್ಚಾಗಿತ್ತು, ಕಡಿಮೆಯಾಗಿರಲಿಲ್ಲ. ಐದು ವರ್ಷದೊಳಗಿನವರಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಸ್ವಲ್ಪ ಯೋಚಿಸಿ: ಅಂದು ಅಂಗನವಾಡಿಯಲ್ಲಿದ್ದ ಆ ಮಕ್ಕಳೇ ಇಂದು ನಮ್ಮ ಪ್ರಾಥಮಿಕ ಶಾಲೆಗಳ ಬೆಂಚಿನ ಮೇಲಿದ್ದಾರೆ. ಅವರಿಗಾಗಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಇದೆ, ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ಹತ್ತು ದಾಟಿದವರಿಗೆ ನೀಲಿ. ಫೆಬ್ರವರಿ ಮತ್ತು ಆಗಸ್ಟಿನಲ್ಲಿ ಜಂತುಹುಳುವಿನ ಅಲ್ಬೆಂಡಜೋಲ್ ಇದೆ. ಕಾಗದದ ಮೇಲೆ ಎಲ್ಲ ಸರಿ. ನಾನಿದ್ದಾಗ ತಿಂಗಳುಗಟ್ಟಲೆ ಮಾತ್ರೆ ಬಾರದ ವರ್ಷಗಳಿದ್ದವು. ಬಂದಾಗಲೂ ನುಂಗಿಸುವ ಕೆಲಸ ಶಿಕ್ಷಕಿಯದು. ಬರೀ ಚಹಾ ಕುಡಿದು ಬಂದ ಮಗು ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಒಬ್ಬಳು ವಾಂತಿ ಮಾಡಿದರೆ ಮುಂದಿನ ವಾರ ಅರ್ಧ ತರಗತಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತದೆ. ಮಲ ಕಪ್ಪಾಗುವುದು ಸಹಜ ಎಂದು ತಿಳಿಸಿ ಹೇಳುವವರಿಲ್ಲದೆ ತಾಯಂದಿರು ಹೆದರಿ ಜಗಳಕ್ಕೆ ಬರುತ್ತಾರೆ. ಊಟದ ನಂತರ ಕೊಡಬೇಕು, ಜೊತೆಗೆ ಚಹಾ ಬೇಡ, ನಿಂಬೆಹಣ್ಣು ಒಳ್ಳೆಯದು. ಇಷ್ಟನ್ನು ಒಬ್ಬ ನರ್ಸ್ ತಾಯಂದಿರ ಸಭೆಯಲ್ಲಿ ಕೂತು ಹೇಳಿದರೆ ಆಗುವ ಕೆಲಸ ಸುತ್ತೋಲೆಯಿಂದ ಆಗುವುದಿಲ್ಲ.

2002-03ರಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ನಮ್ಮ ಈ ಈಶಾನ್ಯ ಜಿಲ್ಲೆಗಳಲ್ಲೇ. 2013ರಲ್ಲಿ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ, ರಾಗಿ ಮಾಲ್ಟ್ ಬಂದವು. ಬಿಸಿಯೂಟ ಬಂದ ವರ್ಷ ಹಾಜರಾತಿ ಹೇಗೆ ಏರಿತು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಊಟವನ್ನು ಮಗುವಿನ ಮನೆಯ ಜವಾಬ್ದಾರಿ ಎಂದು ಬಿಡದೆ ಶಾಲೆಗೆ ತಂದಿರಿ, ಅಡುಗೆಯವರನ್ನು ನೇಮಿಸಿದಿರಿ, ಅಡುಗೆಮನೆ ಕಟ್ಟಿಸಿದಿರಿ. ಚಿಕಿತ್ಸೆಯ ವಿಷಯಕ್ಕೆ ಬಂದರೆ ಮಾತ್ರ ಯಾಕೆ ಚೀಟಿ ಕೊಟ್ಟು ಕೈತೊಳೆದುಕೊಳ್ಳುತ್ತೀರಿ? ಹೊಟ್ಟೆಗೆ ಹಾಕಿದ ಮೊಟ್ಟೆಯ ಸತ್ವವನ್ನು ಜಂತುಹುಳು ತಿಂದರೆ ಆ ಮೊಟ್ಟೆಯ ಖರ್ಚೂ ವ್ಯರ್ಥವಲ್ಲವೇ?

ಇದು ಹೊಸ ಬೇಡಿಕೆಯೂ ಅಲ್ಲ. ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. 1946ರಲ್ಲಿ ಭೋರ್ ಸಮಿತಿ ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆಂಬಷ್ಟು ಕಡಿಮೆ ಎಂದು ಬರೆಯಿತು. ನೂರು ವರ್ಷ ದಾಟಿದರೂ ನಾವಿನ್ನೂ ತಪಾಸಣೆಯ ಮೆಟ್ಟಿಲಲ್ಲೇ ನಿಂತಿದ್ದೇವೆ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ‘ಆರೋಗ್ಯ ರಾಯಭಾರಿ’ಗಳನ್ನಾಗಿ ಮಾಡಿತು. ಇರುವುದೇ ಇಬ್ಬರು ಶಿಕ್ಷಕರಾದರೆ? ಒಬ್ಬರೇ ಆದರೆ? ಕಿವಿ ನೋಡಲು, ಕೆಮ್ಮು ಕೇಳಲು ಶಿಕ್ಷಕರು ಕಲಿತವರಲ್ಲ, ಕಲಿಯಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಇದ್ದಬದ್ದ ಕೆಲಸವನ್ನೆಲ್ಲ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವ ಸುಲಭದ ದಾರಿಯನ್ನೂ ಹಿಡಿಯಬೇಡಿ. ಅವರ ಗೌರವಧನದ ಜಗಳವೇ ಇನ್ನೂ ಬಗೆಹರಿದಿಲ್ಲ.

ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಸ್ಟಾಫ್ ನರ್ಸ್ ಹುದ್ದೆ ಇದೆ. ಸಂಜೆ ತಗಡಿನ ಮನೆಗೆ ಮರಳುವ ಮಗುವಿಗೆ ಆ ಹಕ್ಕು ಯಾಕಿಲ್ಲ ಎಂಬುದು ನನ್ನ ಪ್ರಶ್ನೆ. ಕೇರಳದಲ್ಲಿ ಶಾಲೆಗಳಿಗೆಂದೇ ನರ್ಸ್‌ಗಳನ್ನು ನೇಮಿಸಿಕೊಂಡಿದ್ದಾರೆ. ನಮ್ಮಲ್ಲೂ ಪೂರ್ತಿ ಹೊಸದಾಗಿ ಶುರುಮಾಡಬೇಕಾದ ಪರಿಸ್ಥಿತಿಯಿಲ್ಲ. ಸುಮಾರು 5,000 ಜನಸಂಖ್ಯೆಗೆ ಒಂದರಂತೆ ಉಪಕೇಂದ್ರಗಳನ್ನು ಆಯುಷ್ಮಾನ್ ಆರೋಗ್ಯ ಮಂದಿರಗಳನ್ನಾಗಿ ಮಾಡಿದ್ದೀರಿ, ಅಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಇವರು ವಾರದಲ್ಲಿ ಒಂದು ನಿಗದಿತ ದಿನ ಶಾಲೆಯಲ್ಲಿ ಕೂರಲಿ ಎಂದು ಇಬ್ಬರೂ ಸಚಿವರು ಸೇರಿ ಒಂದು ಆದೇಶ ಹೊರಡಿಸಿದರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ನಂತರ ಹೆಚ್ಚು ಹಿಂದುಳಿದ ತಾಲ್ಲೂಕುಗಳಲ್ಲಿ ಕ್ಲಸ್ಟರಿಗೊಬ್ಬರಂತೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೊಬ್ಬರಂತೆ, ಶಾಲಾ ನರ್ಸ್ ಹುದ್ದೆ ಸೃಷ್ಟಿಸಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಹೆಸರಿಸಿ ಕೊಟ್ಟಿದೆ, ಎಲ್ಲಿಂದ ಶುರುಮಾಡಬೇಕು ಎಂದು ಹುಡುಕಬೇಕಾಗಿಲ್ಲ. ಹಣದ ಮಾತಿಗೆ ಬಂದರೆ, ಸಂವಿಧಾನದ 371ಜೆ ವಿಧಿಯಡಿ ರಚನೆಯಾದ ನಮ್ಮ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ್ದಿರಿ. ಸಮುದಾಯ ಭವನಗಳಿಗೆ, ರಸ್ತೆಗಳಿಗೆ ಖರ್ಚು ಮಾಡಿದ ಮಂಡಳಿ ನರ್ಸ್‌ಗಳ ಸಂಬಳಕ್ಕೂ ಒಂದು ಪಾಲು ತೆಗೆದಿಡಲಿ.

ಆರ್‌ಬಿಎಸ್‌ಕೆ ತಂಡ ನಮ್ಮ ಭಾಗದ ಶಾಲೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಜನ ಗುಳೆ ಹೋಗುವ ಮೊದಲೇ ಬರಬೇಕು. ಯುಗಾದಿಯ ನಂತರ, ರಜೆಗೆ ಮುನ್ನ, ತಪ್ಪಿಹೋದ ಮಕ್ಕಳಿಗಾಗಿ ಇನ್ನೊಂದು ಸಲ ಬರಬೇಕು. ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಈಗಾಗಲೇ ಇದೆ. ಅದಕ್ಕೇ ಆರೋಗ್ಯದ ದಾಖಲೆ ಜೋಡಿಸಿದರೆ ಬೆಂಗಳೂರಿನ ಶೆಡ್ಡಿನ ಪಕ್ಕದ ಶಾಲೆಗೋ ‘ನಮ್ಮ ಕ್ಲಿನಿಕ್’ಗೋ ಹೋದ ಮಗುವಿನ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಿಲ್ಲ. ಆದರೆ ಆ ಮಾಹಿತಿ ಚಿಕಿತ್ಸೆ ಕೊಡುವವರಿಗೆ ಮಾತ್ರ ಕಾಣಬೇಕು. ಮೂರ್ಛೆರೋಗವೋ ಚರ್ಮರೋಗವೋ ಇದೆ ಎಂದು ಊರಿಗೆಲ್ಲ ತಿಳಿದರೆ ಆ ಹುಡುಗಿಯ ಶಾಲೆಯೇ ನಿಂತುಹೋಗುತ್ತದೆ. ಇದನ್ನು ನಾನು ಕಂಡು ಹೇಳುತ್ತಿದ್ದೇನೆ.

ಚೀಟಿಯ ಜವಾಬ್ದಾರಿ ತಾಯಿಯ ಮೇಲಿರಬಾರದು. ರೆಫರ್ ಆದ ಮಕ್ಕಳನ್ನು ತಿಂಗಳಿಗೊಂದು ದಿನ ಇಲಾಖೆಯ ವಾಹನದಲ್ಲೇ ಕರೆದೊಯ್ದು, ಆ ದಿನ ಕಣ್ಣು, ಕಿವಿ, ಹಲ್ಲು ನೋಡುವವರು ಆಸ್ಪತ್ರೆಯಲ್ಲಿ ಇರುವಂತೆ ಮೊದಲೇ ಗೊತ್ತುಮಾಡಬೇಕು. ಜೊತೆಗೆ ಹೋಗುವ ತಾಯಿಗೆ ಆ ದಿನದ ಕೂಲಿ ಕೊಡಬೇಕು. ಇದು ದಾನವಲ್ಲ. ಹೆರಿಗೆಗೆ ಆಸ್ಪತ್ರೆಗೆ ಬರುವ ಬಡ ತಾಯಿಗೆ ಜನನಿ ಸುರಕ್ಷಾ ಹಣವಿದೆ, ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಇದೆ. ಅದೇ ತತ್ವ ಇಲ್ಲಿಗೂ ಅನ್ವಯಿಸುತ್ತದೆ. ಕನ್ನಡಕ ಶಾಲೆಗೇ ಬಂದು, ಮಗುವಿನ ಮುಖಕ್ಕೆ ಸರಿಹೊಂದಿದೆಯೇ ಎಂದು ನೋಡಿ ಕೊಡಬೇಕು. ವರ್ಷದ ವರದಿಯಲ್ಲಿ ಎಷ್ಟು ಮಕ್ಕಳನ್ನು ನೋಡಿದಿರಿ ಎಂಬ ಅಂಕಣದ ಪಕ್ಕದಲ್ಲೇ ಎಷ್ಟು ಮಕ್ಕಳಿಗೆ ಗುಣವಾಯಿತು ಎಂಬ ಅಂಕಣವೂ ಇರಲಿ.

ಹೆಣ್ಣುಮಕ್ಕಳ ಬಗ್ಗೆಯೂ ಹೇಳಲೇಬೇಕು. ಶುಚಿ ಯೋಜನೆಯ ಪ್ಯಾಡುಗಳು ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಬಂದವು. ನಿಂತ ವರ್ಷಗಳಲ್ಲಿ ಆರು, ಏಳನೇ ತರಗತಿಯ ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ಬರುತ್ತಲೇ ಇರಲಿಲ್ಲ. ಮತ್ತೆ ನಿಲ್ಲದಂತೆ ನೋಡಿಕೊಳ್ಳಿ. ಪ್ಯಾಡ್ ಕೊಟ್ಟರೆ ಸಾಲದು, ಶೌಚಾಲಯದಲ್ಲಿ ನೀರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಮತ್ತು ಹೊಟ್ಟೆನೋವು ಎಂದಾಗ ಸಂಕೋಚವಿಲ್ಲದೆ ಹೇಳಿಕೊಳ್ಳಬಹುದಾದ ಒಬ್ಬ ಹೆಂಗಸು ಬೇಕು. ವಾರಕ್ಕೊಮ್ಮೆ ಬರುವ ನರ್ಸ್ ಆ ಹೆಂಗಸಾಗಬಲ್ಲಳು.

ಈ ಶೈಕ್ಷಣಿಕ ವರ್ಷದಲ್ಲಿ ಕಲ್ಯಾಣ ಕರ್ನಾಟಕದ ಪ್ರತಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಆರಂಭಿಸಿ. ಯಾವ ತಾಲ್ಲೂಕು, ಯಾವ ದಿನಾಂಕ, ಜವಾಬ್ದಾರ ಅಧಿಕಾರಿ ಯಾರು ಎಂಬುದನ್ನು ಲಿಖಿತವಾಗಿ ತಿಳಿಸಿ. ನಿಮ್ಮ ಉತ್ತರ ಬಂದ ವಾರವೇ ಎಸ್‌ಡಿಎಂಸಿ ಸಭೆ ಕರೆಸಿ ತಾಯಂದಿರ ಮುಂದೆ ಅದನ್ನು ಓದುತ್ತೇನೆ. ಜೂನ್‌ನೊಳಗೆ ಬಾರದಿದ್ದರೆ ಮಾಹಿತಿ ಹಕ್ಕಿನಡಿ ನಮ್ಮ ತಾಲ್ಲೂಕಿನ ರೆಫರಲ್ ಚೀಟಿಗಳೆಲ್ಲ ಏನಾದವು ಎಂದು ಅರ್ಜಿ ಹಾಕುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಲ್ಯಾಣ ಕರ್ನಾಟಕ